74ರ ವಯಸ್ಸಿನಲ್ಲಿ ಕೀಮೋ ಬೇಕೇ, ಬೇಡವೇ? ನಿರ್ಧರಿಸಲು ಎರಡು ವಾರ ಉಳಿದಿದೆ

ಮುಸ್ಸಂಜೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನಗೆ 74 ವರ್ಷ. ಐದು ವಾರಗಳ ಹಿಂದೆ ನನ್ನ ಎಡ ಸ್ತನದಲ್ಲಿದ್ದ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ರಿಪೋರ್ಟಿನಲ್ಲಿ ಇರುವುದನ್ನು ಇದ್ದ ಹಾಗೆಯೇ ಬರೆಯುತ್ತೇನೆ: ಗಡ್ಡೆಯ ಅಳತೆ 1.8 ಸೆಂಟಿಮೀಟರ್, ಗ್ರೇಡ್ 3 (ಅಂದರೆ ವೇಗವಾಗಿ ಬೆಳೆಯುವ ಬಗೆ), ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ), ಹರ್2 ನೆಗೆಟಿವ್ (ಹರ್2 ಎಂಬ ಪ್ರೋಟೀನ್ ಹೆಚ್ಚಿಲ್ಲ), ಕಂಕುಳಿನಿಂದ ತೆಗೆದ ಮೂರು ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲ. ಗಡ್ಡೆಯ ಒಂದು ಚೂರನ್ನು ಜೀನ್ ಪರೀಕ್ಷೆಗೆ ಕಳುಹಿಸಿದ್ದಾರೆ. ಅದರ ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟರಲ್ಲೇ ವೈದ್ಯರು, ಗ್ರೇಡ್ 3 ಆಗಿರುವುದರಿಂದ ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸುತ್ತು ಕೀಮೋ ಕೊಡುವುದನ್ನು ಯೋಚಿಸಬಹುದು, ಆದರೆ ನಿಮ್ಮ ವಯಸ್ಸಿನಲ್ಲಿ ಅದು ಕಡ್ಡಾಯವಲ್ಲ, ನೀವೇ ಯೋಚಿಸಿ ಹೇಳಿ ಎಂದಿದ್ದಾರೆ.

ಆ ಕೊನೆಯ ಮಾತು ನನ್ನನ್ನು ಕಂಗೆಡಿಸಿದೆ. ಜೀವನವಿಡೀ ವೈದ್ಯರು ಹೇಳಿದ್ದನ್ನು ಮಾಡಿದವಳು ನಾನು. ಮಕ್ಕಳಿಬ್ಬರೂ ಒಂದೇ ಮಾತು ಹಿಡಿದಿದ್ದಾರೆ: ಸಿಗುವ ಚಿಕಿತ್ಸೆಯನ್ನೆಲ್ಲ ತೆಗೆದುಕೊಳ್ಳಬೇಕು, ಮುಂದೆ ಪಶ್ಚಾತ್ತಾಪ ಪಡಬಾರದು ಎಂದು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮನೆಯ ಸ್ಥಿತಿ ಬೇರೆ. ನನ್ನ ಯಜಮಾನರಿಗೆ ಮರೆವಿನ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಅವರನ್ನು ಹಾಸಿಗೆಯಿಂದ ಎಬ್ಬಿಸುವುದು, ಮುಖ ತೊಳೆಸುವುದು, ಅಂಗಿಯ ಗುಂಡಿ ಹಾಕುವುದು ಎಲ್ಲವೂ ನಾನೇ. ಬೇರೆಯವರು ಗುಂಡಿಗೆ ಕೈ ಹಾಕಿದರೆ ಅವರು ಗಾಬರಿಯಾಗಿ ಕೈ ತಳ್ಳುತ್ತಾರೆ; ನನ್ನ ಕೈಯಾದರೆ ಸುಮ್ಮನೆ ನಿಂತಿರುತ್ತಾರೆ. ನನಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ, ಪಾದಗಳಲ್ಲಿ ಈಗಾಗಲೇ ಸ್ವಲ್ಪ ಜೋಮು ಹಿಡಿದಂತೆ ಇರುತ್ತದೆ. ಕೀಮೋದಿಂದ ಬೆರಳುಗಳೂ ಮರಗಟ್ಟಬಹುದು ಎಂದು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಗುಂಡಿಗಳೇ.

ಇನ್ನೊಂದು ಕಡೆಯಿಂದ ನೋಡಿದರೆ, ಕೀಮೋ ಬೇಡವೆಂದು ಬಿಟ್ಟು ಮೂರು ವರ್ಷದಲ್ಲಿ ಕಾಯಿಲೆ ಮರಳಿದರೆ, ಅವರನ್ನು ನೋಡಿಕೊಳ್ಳುವವರು ಯಾರು? ಆದ್ದರಿಂದ ಅವರಿಗಾಗಿ ಬೇಡ ಎನ್ನಬೇಕೋ, ಅವರಿಗಾಗಿಯೇ ಬೇಕು ಎನ್ನಬೇಕೋ ತಿಳಿಯುತ್ತಿಲ್ಲ. 70 ದಾಟಿದ ಮೇಲೆ ಈ ನಿರ್ಧಾರ ಮಾಡಿದವರು, ಯಾವ ಕಡೆಗೇ ಆಗಲಿ, ಹೇಗೆ ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಮತ್ತೆ ಚಿಗುರು ಬರೆದದ್ದು:

ಅಕ್ಕ, ನಮಸ್ಕಾರ. ನನಗೆ ಈಗ 76. ಕಾಯಿಲೆ ಪತ್ತೆಯಾದಾಗ 71. ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ನನ್ನ ಅನುಭವವನ್ನು ನಿಮ್ಮದಕ್ಕೆ ನೇರವಾಗಿ ಹೋಲಿಸಿಕೊಳ್ಳಬಾರದು: ನನ್ನದು ಟ್ರಿಪಲ್ ನೆಗೆಟಿವ್, ಅಂದರೆ ಹಾರ್ಮೋನ್ ಮಾತ್ರೆಯಾಗಲಿ ಹರ್2 ಔಷಧಿಯಾಗಲಿ ಕೆಲಸ ಮಾಡದ ಬಗೆ. ನಿಮಗೆ ಹಾರ್ಮೋನ್ ಮಾತ್ರೆ ಎಂಬ ಬಲವಾದ ಆಸರೆ ಇದೆ. ನನಗೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ಹೊರತಾಗಿ ಇದ್ದದ್ದು ಕೀಮೋ ಮಾತ್ರ. ಹಾಗಾಗಿ ನಾನು ಹೆಚ್ಚು ಯೋಚಿಸದೆ ಒಪ್ಪಿದೆ, ಒಪ್ಪಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಹೇಗಿತ್ತು ಎಂದರೆ, ಔಷಧಿ ಹನಿಯುವ ದಿನ ಏನೂ ಆಗುವುದಿಲ್ಲ. ಮೊದಲ ಔಷಧಿ ಕೆಂಪು ಬಣ್ಣದ್ದು, ಅದು ನಳಿಗೆಯಲ್ಲಿ ಇಳಿದು ಬರುವುದನ್ನು ನೋಡುವುದೇ ಕಷ್ಟವಾಗಿತ್ತು. ಮೂರನೇ ದಿನದಿಂದ ಸುಸ್ತು ಶುರುವಾಗುತ್ತದೆ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು. ಸ್ನಾನದ ಮನೆಯಿಂದ ಹಾಸಿಗೆಗೆ ಬರುವಾಗ ನಡುವೆ ಒಂದು ಕುರ್ಚಿ ಇಡಿಸಿಕೊಂಡಿದ್ದೆ, ಅಲ್ಲಿ ಕುಳಿತು ಮತ್ತೆ ಏಳುತ್ತಿದ್ದೆ. ಹತ್ತನೇ ದಿನದ ಹೊತ್ತಿಗೆ ಮನುಷ್ಯಳಾಗುತ್ತಿದ್ದೆ. ಎರಡನೇ ಸುತ್ತಿನ ನಂತರ ಒಂದು ರಾತ್ರಿ ಜ್ವರ 38.4 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಬೆಳಗಾಗಲಿ ಎಂದು ಕಾಯದೆ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು. ಐದು ದಿನ ಒಳರೋಗಿಯಾಗಿದ್ದೆ. ಆಮೇಲೆ ಪ್ರತಿ ಸುತ್ತಿನ ಮರುದಿನ ಬಿಳಿ ಕಣ ಹೆಚ್ಚಿಸುವ ಚುಚ್ಚುಮದ್ದು ಕೊಟ್ಟರು, ಜ್ವರ ಮತ್ತೆ ಬರಲಿಲ್ಲ.

ನಂತರದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ವಾರಕ್ಕೊಂದರಂತೆ ಹನ್ನೆರಡು ಎಂದು ಲೆಕ್ಕ ಹಾಕಿದ್ದರು. ಒಂಬತ್ತಕ್ಕೆ ನಿಲ್ಲಿಸಿದರು, ಏಕೆಂದರೆ ಬೆರಳ ತುದಿಗಳು ಸತ್ತಂತಾಗಿದ್ದವು. ಕೈಬೆರಳುಗಳು ಒಂದು ವರ್ಷದಲ್ಲಿ ಬಹುಪಾಲು ಸರಿಹೋದವು. ಕಾಲ್ಬೆರಳುಗಳು ಐದು ವರ್ಷವಾದರೂ ಸರಿಹೋಗಿಲ್ಲ. ಕತ್ತಲಲ್ಲಿ ನಡೆಯುವಾಗ ನೆಲ ಎಲ್ಲಿದೆ ಎಂದು ಕಣ್ಣಿನಿಂದಲೇ ತಿಳಿಯಬೇಕು. ನಿಮ್ಮ ಪಾದಗಳಲ್ಲಿ ಈಗಾಗಲೇ ಜೋಮು ಇದೆ ಎಂದಿರಿ. ಅದನ್ನು ವೈದ್ಯರಿಗೆ ಹೇಳಿದ್ದೀರಾ? ಸಕ್ಕರೆ ಕಾಯಿಲೆ ಇದೆ ಎಂದು ಹೇಳುವುದು ಬೇರೆ, ಜೋಮು ಇದೆ ಎಂದು ಹೇಳುವುದು ಬೇರೆ.

ಹಿರಿಮಗ ಬರೆದದ್ದು:

ಅಮ್ಮನವರೇ, ತಾವು ಬೇಸರಿಸಬಾರದು. ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ನನ್ನ ತಾಯಿಗೆ 72 ಆಗಿದ್ದಾಗ ಇದೇ ಕಾಯಿಲೆ ಬಂತು. ಅವರದು ಹರ್2 ಪಾಸಿಟಿವ್. ನಾವು ತೋರಿಸಿದ ಕಡೆ ವೈದ್ಯರು ರಿಪೋರ್ಟನ್ನು ಪೂರ್ತಿ ತಿರುವಿ ಹಾಕುವ ಮೊದಲೇ, ಈ ವಯಸ್ಸಿನಲ್ಲಿ ಅವರನ್ನೇಕೆ ಹಿಂಸಿಸುತ್ತೀರಿ, ಮಾತ್ರೆ ಕೊಡೋಣ ಎಂದುಬಿಟ್ಟರು. ನಮಗೂ ಆ ಮಾತು ಹಿತವೆನಿಸಿತು. ನನ್ನ ತಾಯಿ ಆಗ ದಿನಕ್ಕೆ ಎರಡು ಬಾರಿ ಮಹಡಿ ಹತ್ತಿ ಇಳಿಯುತ್ತಿದ್ದವರು, ಒಂದು ಮಾತ್ರೆಯನ್ನೂ ನುಂಗದಿದ್ದವರು. ಎರಡು ವರ್ಷ ತುಂಬುವ ಮೊದಲು ಕಾಯಿಲೆ ಪಿತ್ತಜನಕಾಂಗಕ್ಕೆ ಹೋಯಿತು. ಆಗ ನೋಡಿದ ಇನ್ನೊಬ್ಬ ವೈದ್ಯರು ಮೊದಲು ಕೇಳಿದ್ದು, ಇವರಿಗೆ ಹರ್2ಗೆಂದೇ ಇರುವ ಟ್ರಾಸ್ಟುಜುಮ್ಯಾಬ್ ಔಷಧಿ ಏಕೆ ಕೊಡಲಿಲ್ಲ ಎಂದು. ನನ್ನ ಬಳಿ ಉತ್ತರವಿರಲಿಲ್ಲ.

ವಯಸ್ಸಾದವರಿಗೆ ಚಿಕಿತ್ಸೆ ಹೆಚ್ಚಾಗಿ ಕೊಟ್ಟು ಕೆಡಿಸುವುದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಕಡಿಮೆ ಕೊಟ್ಟು ಕೆಡಿಸುವುದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಹುಟ್ಟಿದ ವರ್ಷವನ್ನು ನೋಡಿ ಯಾರಾದರೂ ತಮಗೆ ಬೇಡ ಎಂದರೆ, ದಯವಿಟ್ಟು ಒಪ್ಪಿಕೊಳ್ಳಬೇಡಿ.

ವಾರ್ಡ್ ಸಿಸ್ಟರ್ ಬರೆದದ್ದು:

ನಾನು ಕೀಮೋ ಕೊಡುವ ವಿಭಾಗದಲ್ಲಿ 26 ವರ್ಷ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ವೈದ್ಯಳಲ್ಲ, ಆದ್ದರಿಂದ ಹೀಗೇ ಮಾಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಮೇಲಿನ ಇಬ್ಬರೂ ಬರೆದದ್ದನ್ನು ಓದಿದಾಗ, ಮೂರು ಬೇರೆ ಬೇರೆ ಕಾಯಿಲೆಗಳ ಮಾತು ಒಂದೇ ಹೆಸರಿನಲ್ಲಿ ನಡೆಯುತ್ತಿದೆ ಎನಿಸಿತು. ಅದನ್ನು ಬಿಡಿಸಿ ಹೇಳುವುದು ಅಗತ್ಯ.

ಹಿರಿಮಗ ಅವರೇ, ನಿಮ್ಮ ನೋವು ನ್ಯಾಯವಾದದ್ದು. ಹರ್2 ಪಾಸಿಟಿವ್ ಇದ್ದು ಹೃದಯ ಗಟ್ಟಿಯಾಗಿರುವ 72ರ ಹೆಂಗಸಿಗೆ ಟ್ರಾಸ್ಟುಜುಮ್ಯಾಬ್‌ನ ಮಾತನ್ನೇ ಎತ್ತದಿರುವುದು ಸರಿಯಲ್ಲ. ಜಪಾನಿನಲ್ಲಿ 70ರಿಂದ 80 ವರ್ಷದ ಹೆಂಗಸರ ಮೇಲೆಯೇ ನಡೆದ ರೆಸ್ಪೆಕ್ಟ್ ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಟ್ರಾಸ್ಟುಜುಮ್ಯಾಬ್ ಜೊತೆ ಕೀಮೋ, ಇನ್ನೊಂದಕ್ಕೆ ಟ್ರಾಸ್ಟುಜುಮ್ಯಾಬ್ ಮಾತ್ರ ಕೊಟ್ಟರು. ಕೀಮೋ ಇಲ್ಲದ ಗುಂಪಿನವರು ಸ್ವಲ್ಪವೇ ಹಿಂದೆ ಬಿದ್ದರು, ಆದರೆ ಅವರ ದಿನನಿತ್ಯದ ಬದುಕು ಉತ್ತಮವಾಗಿತ್ತು. ಅಂದರೆ ಕೀಮೋ ತಡೆಯಲಾರದವರಿಗೂ ಅಲ್ಲಿ ಒಂದು ನಡುದಾರಿ ಇದೆ. ಎಲ್ಲವೂ ಇಲ್ಲವೇ ಏನೂ ಇಲ್ಲ ಎಂಬ ಸ್ಥಿತಿ ಇರಲಿಲ್ಲ.

ಮತ್ತೆ ಚಿಗುರು ಅವರಂತೆ ಹಾರ್ಮೋನ್ ನೆಗೆಟಿವ್ ಇದ್ದವರ ವಿಷಯದಲ್ಲಿ ಉತ್ತರ ಇನ್ನೂ ಸ್ಪಷ್ಟ. 2009ರಲ್ಲಿ ಅಮೆರಿಕದಲ್ಲಿ 65 ದಾಟಿದ 633 ಹೆಂಗಸರ ಅಧ್ಯಯನವೊಂದು ಪ್ರಕಟವಾಯಿತು. ವಯಸ್ಸಾದವರಿಗೆ ಹಗುರವಾಗಿರಲಿ ಎಂದು ಕೇಪ್‌ಸೈಟಬೀನ್ ಎಂಬ ನುಂಗುವ ಮಾತ್ರೆಯನ್ನು ಕೊಟ್ಟು, ರೂಢಿಯ ಕೀಮೋದೊಡನೆ ಹೋಲಿಸಿ ನೋಡಿದರು. ಹಗುರದ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಸುಮಾರು ಎರಡು ಪಟ್ಟಾಯಿತು, ಆ ವ್ಯತ್ಯಾಸ ಹಾರ್ಮೋನ್ ನೆಗೆಟಿವ್ ಇದ್ದವರಲ್ಲೇ ಹೆಚ್ಚು ಕಂಡಿತು. ಕೊಡುವುದಾದರೆ ಸರಿಯಾದದ್ದನ್ನೇ ಕೊಡಬೇಕು, ವಯಸ್ಸಾಯಿತೆಂದು ಕಣ್ಣೊರೆಸುವ ಚಿಕಿತ್ಸೆ ಬೇಡ ಎಂಬ ಪಾಠವನ್ನು ನಾವು ವಾರ್ಡಿನಲ್ಲಿ ಅಲ್ಲಿಂದ ಕಲಿತೆವು.

ಈಗ ಮುಸ್ಸಂಜೆ ಅಮ್ಮನವರ ವಿಷಯ. ತಮ್ಮದು ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್, ಗ್ರಂಥಿಗಳು ಸ್ವಚ್ಛ. ಈ ಬಗೆಯಲ್ಲಿ ಮರುಕಳಿಕೆಯನ್ನು ತಡೆಯುವ ದೊಡ್ಡ ಭಾರವನ್ನು ಐದು ವರ್ಷದ ಹಾರ್ಮೋನ್ ಮಾತ್ರೆ ಹೊರುತ್ತದೆ. ಕೀಮೋ ಅದರ ಮೇಲೆ ಇನ್ನೆಷ್ಟು ಸೇರಿಸುತ್ತದೆ ಎಂಬುದಷ್ಟೇ ಪ್ರಶ್ನೆ. ಜೀನ್ ಪರೀಕ್ಷೆ ಮಾಡಿಸಿರುವುದು ಅದಕ್ಕೇ. ಅದು ಆಂಕೋಟೈಪ್ ಆಗಿದ್ದರೆ ಗಡ್ಡೆಯ 21 ಜೀನ್‌ಗಳನ್ನು ನೋಡಿ 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. 2018ರಲ್ಲಿ ಬಂದ ಟೇಲರ್‌ಎಕ್ಸ್ ಎಂಬ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು, ಎಲ್ಲರೂ ಗ್ರಂಥಿಗೆ ಹರಡದವರು. 50 ದಾಟಿದವರಲ್ಲಿ ಅಂಕ 25ರವರೆಗೆ ಇದ್ದರೆ ಕೀಮೋ ಸೇರಿಸಿದ್ದರಿಂದ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ತಮ್ಮ ಅಂಕ 25 ಅಥವಾ ಅದಕ್ಕಿಂತ ಕಡಿಮೆ ಬಂದರೆ ಈ ಸಂಕಟವೇ ಕರಗಿಹೋಗಬಹುದು. ಫಲಿತಾಂಶ ಬರುವ ಮೊದಲು ನಿದ್ದೆಗೆಡಬೇಡಿ.

26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಕೀಮೋ ಬೇಕು ಎನ್ನುತ್ತಾರೆ. ಆದರೆ ಆ ಅಧ್ಯಯನಕ್ಕೆ 75ಕ್ಕಿಂತ ಮೇಲಿನವರನ್ನು ಸೇರಿಸಿಯೇ ಇರಲಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ 70 ದಾಟಿದವರ ಮೇಲೆ ಮಾತ್ರ ಆಸ್ಟರ್ 70ಎಸ್ ಎಂಬ ಅಧ್ಯಯನ ನಡೆಯಿತು. ಬೇರೊಂದು ಜೀನ್ ಪರೀಕ್ಷೆಯಲ್ಲಿ ಅಪಾಯ ಹೆಚ್ಚು ಎಂದು ಬಂದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನ್ ಮಾತ್ರೆ, ಇನ್ನೊಂದಕ್ಕೆ ಕೀಮೋ ಮತ್ತು ಹಾರ್ಮೋನ್ ಮಾತ್ರೆ ಕೊಟ್ಟರು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೀಮೋ ಪಡೆದವರ ಆಯುಸ್ಸು ಗಮನಾರ್ಹವಾಗಿ ಹೆಚ್ಚಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಸ್ಪಷ್ಟವಾಗಿ ಹೆಚ್ಚಿದ್ದವು. ಇದನ್ನು ತಮ್ಮ ವೈದ್ಯರ ಮುಂದೆ ಪ್ರಸ್ತಾಪಿಸಿ.

ಇನ್ನೊಂದು ಮಾತು. ಕೀಮೋ ಅಪಾಯವನ್ನು ಮೂರನೇ ಒಂದು ಭಾಗ ಇಳಿಸುತ್ತದೆ ಎಂದು ಯಾರಾದರೂ ಹೇಳಿದರೆ, ಯಾವುದರ ಮೂರನೇ ಒಂದು ಭಾಗ ಎಂದು ಕೇಳಬೇಕು. ನೂರು ಜನರಲ್ಲಿ ಮೂವತ್ತು ಜನರಿಗೆ ಕಾಯಿಲೆ ಮರಳುವಂತಿದ್ದರೆ ಹತ್ತು ಜನ ಉಳಿದುಕೊಳ್ಳುತ್ತಾರೆ. ಆರು ಜನರಿಗೆ ಮರಳುವಂತಿದ್ದರೆ ಉಳಿಯುವವರು ಇಬ್ಬರು. ಕೀಮೋದ ಸಂಕಟವನ್ನು ಮಾತ್ರ ನೂರು ಜನರೂ ಅನುಭವಿಸಬೇಕು. ತಮ್ಮಂಥವರೇ ನೂರು ಜನರಿದ್ದರೆ ಹತ್ತು ವರ್ಷದಲ್ಲಿ ಕೀಮೋದಿಂದ ಹೆಚ್ಚುವರಿಯಾಗಿ ಎಷ್ಟು ಜನ ಬದುಕಿರುತ್ತಾರೆ ಎಂದು ಕೇಳಿ. ಬ್ರಿಟನ್ನಿನ ಪ್ರೆಡಿಕ್ಟ್ ಎಂಬ ಲೆಕ್ಕಾಚಾರದಲ್ಲಿ ವಯಸ್ಸು, ಅಳತೆ, ಗ್ರೇಡ್ ಹಾಕಿದರೆ ಹೀಗೆಯೇ ನೂರರ ಲೆಕ್ಕದಲ್ಲಿ ತೋರಿಸುತ್ತದೆ. ವೈದ್ಯರು ಅದನ್ನು ತಮ್ಮೆದುರೇ ತೆರೆದು ತೋರಿಸಬಲ್ಲರು.

ಎರಡನೇ ಮಗಳು ಬರೆದದ್ದು:

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂಬ ಅನುಮಾನವಿತ್ತು. ಹಿರಿಮಗ ಅವರ ಮಾತಿಗೆ ಎದುರಾಗಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ನಡೆದದ್ದು ತಿರುಗುಮುರುಗು.

ನಮ್ಮಮ್ಮನಿಗೆ 79. ಅವರಿಗೆ ಕೀಮೋ ಬೇಕಿರಲಿಲ್ಲ. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ನಾಲ್ಕು ಮಕ್ಕಳು ವೈದ್ಯರ ಕೋಣೆಯಲ್ಲಿ ಕುಳಿತು ನಿರ್ಧಾರ ಮಾಡಿದೆವು, ಅಮ್ಮ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಈಗ ನೆನೆದರೆ ನನಗೆ ಅದೇ ಸಹಿಸಲಾಗದ ವಿಷಯ. ಮೊದಲ ಸುತ್ತಿಗೇ ಅವರು ಊಟ ಬಿಟ್ಟರು. ಎರಡನೇ ಸುತ್ತಿನ ಆರನೇ ದಿನ ರಾತ್ರಿ ಶೌಚಾಲಯಕ್ಕೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೀಮೋ ಅಲ್ಲಿಗೇ ನಿಂತಿತು. ಕ್ಯಾನ್ಸರ್ ಮರಳಲಿಲ್ಲ, ಆದರೆ ಅಮ್ಮ ಮತ್ತೆ ಆಸರೆಯಿಲ್ಲದೆ ನಡೆಯಲಿಲ್ಲ.

ಆ ಆಸ್ಪತ್ರೆಯಲ್ಲಿ ರಕ್ತ, ಹೃದಯ, ಮೂತ್ರಪಿಂಡ ಎಲ್ಲವನ್ನೂ ಪರೀಕ್ಷಿಸಿದರು. ಕುರ್ಚಿಯಿಂದ ಕೈಯೂರದೆ ಏಳಬಲ್ಲಿರಾ, ಕಳೆದ ಆರು ತಿಂಗಳಲ್ಲಿ ಬಿದ್ದಿದ್ದೀರಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹಿಂದಿನ ತಿಂಗಳಷ್ಟೇ ಅವರು ಎರಡು ಸಲ ಬಿದ್ದಿದ್ದರು ಎಂಬುದು ಗೊತ್ತಾಗುತ್ತಿತ್ತು. ಅವರು ಅದನ್ನು ನಮ್ಮಿಂದಲೂ ಮುಚ್ಚಿಟ್ಟಿದ್ದರು.

ಮತ್ತೆ ಚಿಗುರು ಬರೆದದ್ದು:

ತಂಗಿ, ನಿನ್ನ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಿಮ್ಮ ಅಮ್ಮ ಮುಚ್ಚಿಟ್ಟದ್ದು ನಿಮ್ಮ ತಪ್ಪಲ್ಲ. ನಾನೂ ಮಕ್ಕಳಿಂದ ಮುಚ್ಚಿಟ್ಟಿದ್ದೇನೆ. ಬಿದ್ದೆ ಎಂದು ಹೇಳಿದರೆ ಒಬ್ಬಳೇ ಇರಲು ಬಿಡುವುದಿಲ್ಲ ಎಂಬ ಭಯ ಈ ವಯಸ್ಸಿನಲ್ಲಿ ಎಲ್ಲರಿಗೂ ಇರುತ್ತದೆ.

ಆದರೆ ಒಂದನ್ನು ಹೇಳಲೇಬೇಕು. ಈ ಬರಹವನ್ನು ಓದಿ ಯಾರೂ 70 ದಾಟಿದರೆ ಕೀಮೋ ಎಂದರೆ ಹೀಗೆಯೇ ಎಂದು ತಿಳಿಯಬಾರದು. ನನ್ನ ಜೊತೆ ಪಕ್ಕದ ಕುರ್ಚಿಯಲ್ಲಿ ಔಷಧಿ ಹಾಕಿಸಿಕೊಳ್ಳುತ್ತಿದ್ದ ಒಬ್ಬರಿಗೆ ನನಗಿಂತ ನಾಲ್ಕು ವರ್ಷ ಹೆಚ್ಚು, ಅವರು ನನಗಿಂತ ಚೆನ್ನಾಗಿ ತಡೆದುಕೊಂಡರು. ನನಗೆ ಆ ಐದು ವರ್ಷಗಳು ಸಿಕ್ಕಿವೆ. ಜೋಮು ಹಿಡಿದ ಕಾಲ್ಬೆರಳು ಅದರ ಬೆಲೆ. ನಾನು ಮತ್ತೆ ಕೊಡಬೇಕಾಗಿ ಬಂದರೂ ಕೊಡುತ್ತೇನೆ.

ಮುಸ್ಸಂಜೆ ಬರೆದದ್ದು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಎರಡನೇ ಮಗಳ ಬರಹವನ್ನು ನನ್ನ ಮಗಳಿಗೆ ಓದಿ ಹೇಳಿದೆ. ಅವಳು ಏನೂ ಮಾತನಾಡಲಿಲ್ಲ. ರಾತ್ರಿ ಫೋನ್ ಮಾಡಿ, ಅಮ್ಮಾ, ನಿನಗೆ ಏನು ಬೇಕು ಎಂದು ನಾನು ಒಂದು ಸಲವೂ ಕೇಳಲಿಲ್ಲ ಅಲ್ಲವೇ ಎಂದಳು. ಆಗಲೂ ನನಗೆ ಉತ್ತರ ಹೊಳೆಯಲಿಲ್ಲ, ಆದರೆ ಪ್ರಶ್ನೆ ನನ್ನ ಬಳಿಗೆ ಬಂತು ಎಂಬ ಸಮಾಧಾನವಾಯಿತು.

ಸಿಸ್ಟರ್, ಮೂರು ವಿಷಯ ಕೇಳಬೇಕಿತ್ತು. ಜೀನ್ ಫಲಿತಾಂಶ ತಡವಾದರೆ ಕೀಮೋ ಶುರು ಮಾಡುವುದು ತಡವಾಗಿ ತೊಂದರೆಯಾಗುತ್ತದೆಯೇ? ನನ್ನ ಶರೀರ ತಡೆಯುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯುವ ದಾರಿ ಇದೆಯೇ? ಮತ್ತು ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆ ಏನಾದರೂ ಎಚ್ಚರಿಕೆ ಇದೆಯೇ?

ವಾರ್ಡ್ ಸಿಸ್ಟರ್ ಬರೆದದ್ದು:

ಅಮ್ಮನವರೇ, ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳೊಳಗೆ ಶುರು ಮಾಡುವುದು ರೂಢಿ. ಮೂರು ತಿಂಗಳು ದಾಟಬಾರದು ಎಂದು ನಾವು ನೋಡಿಕೊಳ್ಳುತ್ತಿದ್ದೆವು. ತಾವು ಇನ್ನೂ ಆರನೇ ವಾರದಲ್ಲಿದ್ದೀರಿ. ಫಲಿತಾಂಶಕ್ಕಾಗಿ ಕಾಯುವುದರಿಂದ ನಷ್ಟವಿಲ್ಲ.

ಎರಡನೆಯದು ಬಹಳ ಮುಖ್ಯವಾದ ಪ್ರಶ್ನೆ. ಎರಡನೇ ಮಗಳು ಹೇಳಿದ ಪ್ರಶ್ನೆಗಳನ್ನೇ ಕ್ರಮವಾಗಿ ಕೇಳುವ ಪದ್ಧತಿ ಇದೆ. ಅದನ್ನು ವೃದ್ಧಾಪ್ಯದ ಸಮಗ್ರ ಮೌಲ್ಯಮಾಪನ ಎನ್ನುತ್ತಾರೆ. ಮೊದಲು ಜಿ8 ಎಂಬ ಎಂಟು ಪ್ರಶ್ನೆಗಳ ಚಿಕ್ಕ ಪರೀಕ್ಷೆ ಮಾಡುತ್ತಾರೆ: ಊಟ ಕಡಿಮೆಯಾಗಿದೆಯೇ, ತೂಕ ಇಳಿದಿದೆಯೇ, ಓಡಾಟ ಹೇಗಿದೆ, ಮೂರಕ್ಕಿಂತ ಹೆಚ್ಚು ಔಷಧಿ ತೆಗೆದುಕೊಳ್ಳುತ್ತೀರಾ, ಓರಗೆಯವರಿಗೆ ಹೋಲಿಸಿದರೆ ನಿಮ್ಮ ಆರೋಗ್ಯ ಹೇಗಿದೆ ಎನಿಸುತ್ತದೆ, ಹೀಗೆ. ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೂರ್ಣ ಮೌಲ್ಯಮಾಪನ ಮಾಡಬೇಕು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2018ರಲ್ಲೇ, 65 ದಾಟಿದವರಿಗೆ ಕೀಮೋ ಕೊಡುವ ಮೊದಲು ಇಂಥ ಮೌಲ್ಯಮಾಪನ ಮಾಡಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಆದರೂ ಎಲ್ಲ ಕಡೆ ತಾನಾಗಿಯೇ ಮಾಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು. ಹೋಗುವಾಗ ತಾವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿದ್ದದ್ದಿದ್ದರೆ ಹೇಳಿ.

ಸಕ್ಕರೆ ಕಾಯಿಲೆಯ ವಿಷಯ. ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಕೊಡುವಾಗ ಹಿಂದಿನ ದಿನದಿಂದ ಮೂರು ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದು ಸಕ್ಕರೆಯನ್ನು ಬಹಳ ಮೇಲಕ್ಕೆ ಒಯ್ಯುತ್ತದೆ. ಅಷ್ಟು ದಿನ ಮಾತ್ರೆಯಲ್ಲೇ ಇದ್ದವರಿಗೂ ಆ ದಿನಗಳಲ್ಲಿ ಇನ್ಸುಲಿನ್ ಬೇಕಾದದ್ದನ್ನು ನಾನು ಅನೇಕ ಸಲ ನೋಡಿದ್ದೇನೆ. ಜೋಮಿನ ವಿಷಯದಲ್ಲಿ ಮತ್ತೆ ಚಿಗುರು ಅವರು ಹೇಳಿದ್ದು ಅಕ್ಷರಶಃ ಸರಿ: ಈಗಾಗಲೇ ನರಗಳು ಸೋತಿದ್ದರೆ ಡೋಸಿಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ಇನ್ನಷ್ಟು ಸೋಲಿಸುತ್ತವೆ. ಆ ಗುಂಪಿಗೆ ಸೇರದ ಹಳೆಯ ಕೀಮೋ ಕ್ರಮಗಳೂ ಇವೆ. ಆದ್ದರಿಂದ ಕೀಮೋ ಬೇಕೇ ಎಂಬುದರ ಜೊತೆಗೆ ಯಾವ ಕೀಮೋ ಎಂಬುದನ್ನೂ ಕೇಳಿ. ಕೆಂಪು ಔಷಧಿಯ ಮಾತು ಬಂದರೆ ಹೃದಯದ ಎಕೋ ಸ್ಕ್ಯಾನ್ ಮಾಡಿಸದೆ ಒಪ್ಪಬೇಡಿ. ವಯಸ್ಸು ಹೆಚ್ಚಿದಂತೆ ಅದು ಹೃದಯವನ್ನು ದುರ್ಬಲಗೊಳಿಸುವ ಅಪಾಯವೂ ಹೆಚ್ಚುತ್ತದೆ. ಯಾವುದನ್ನೇ ತೆಗೆದುಕೊಂಡರೂ ಜ್ವರ 38 ಡಿಗ್ರಿ ಮುಟ್ಟಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಮಾತ್ರೆ ನುಂಗಿ ಮಲಗಬಾರದು.

ಹಿರಿಮಗ ಬರೆದದ್ದು:

ಸಿಸ್ಟರ್ ಅವರೇ, ನೀವು ವಿವರಿಸಿದ ಮೇಲೆ ನನಗೂ ಸ್ವಲ್ಪ ತಿಳಿಯಿತು. ನನ್ನ ಸಿಟ್ಟು ಕೀಮೋ ಕೊಡಲಿಲ್ಲ ಎಂಬುದಕ್ಕಲ್ಲ, ನೋಡದೆಯೇ ಹೇಳಿಬಿಟ್ಟರಲ್ಲ ಎಂಬುದಕ್ಕೆ. ನನ್ನ ತಾಯಿಗೆ ಎಲ್ಲವನ್ನೂ ತಿಳಿಸಿ, ಅವರೇ ಬೇಡ ಎಂದಿದ್ದರೆ ನಾನು ಇಷ್ಟು ವರ್ಷ ಈ ಭಾರ ಹೊರುತ್ತಿರಲಿಲ್ಲ. ಮುಸ್ಸಂಜೆ ಅಮ್ಮನವರೇ, ತಾವು ಯಾವ ಕಡೆಗೆ ನಿರ್ಧರಿಸಿದರೂ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ, ಮಕ್ಕಳಿಗೆ ಕೊಡಿ. ಮುಂದೆ ಏನಾದರೂ ಆದರೆ ಅದು ಅವರ ಕೈಯಲ್ಲಿರಲಿ.

ಮುಸ್ಸಂಜೆ ಬರೆದದ್ದು:

ಫಲಿತಾಂಶ ಬಂತು. ಅಂಕ 28.

ಬರಬಾರದ ಜಾಗಕ್ಕೇ ಬಂದು ನಿಂತಿತು ಎನಿಸಿತು. 20 ಬಂದಿದ್ದರೆ ಬೇಡ ಎನ್ನುತ್ತಿದ್ದೆ, 50 ಬಂದಿದ್ದರೆ ಬಹುಶಃ ಹೂಂ ಎನ್ನುತ್ತಿದ್ದೆ. ನಿನ್ನೆ ಮಗಳು, ನಾನು ಇಬ್ಬರೂ ವೈದ್ಯರ ಬಳಿ ಹೋಗಿದ್ದೆವು. ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ, ನಾನೇ ಓದಿದೆ. ವೈದ್ಯರಿಗೆ ಬೇಸರವಾಗಬಹುದು ಎಂದು ಹೆದರಿದ್ದೆ. ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕುಳಿತರು. ಎಂಟು ಪ್ರಶ್ನೆಗಳ ಪರೀಕ್ಷೆಯಲ್ಲಿ ನನಗೆ 13 ಬಂತು. ಕುರ್ಚಿಯಿಂದ ಎದ್ದು ನಡೆದು ತೋರಿಸಿದೆ, ಪಾದದ ಮೇಲೆ ಕಂಪಿಸುವ ಲೋಹದ ಕವಲನ್ನು ಇಟ್ಟು ಗೊತ್ತಾಗುತ್ತಿದೆಯೇ ಎಂದು ಕೇಳಿದರು. ಬಲಗಾಲಿನ ಹೆಬ್ಬೆರಳಿನಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಇಷ್ಟು ಹೋಗಿದೆ ಎಂದು ನನಗೇ ತಿಳಿದಿರಲಿಲ್ಲ.

ಆಮೇಲೆ ಪ್ರೆಡಿಕ್ಟ್ ತೆರೆದು ತೋರಿಸಿದರು. ಪರದೆಯ ಮೇಲೆ ನೂರು ಚುಕ್ಕೆಗಳು. ಹತ್ತು ವರ್ಷದ ಹೊತ್ತಿಗೆ ಕೀಮೋದಿಂದ ಹೆಚ್ಚುವರಿಯಾಗಿ ಉಳಿಯುವವರು ನೂರರಲ್ಲಿ ಇಬ್ಬರು. ಕ್ಯಾನ್ಸರ್ ಅಲ್ಲದೆ ಬೇರೆ ಕಾರಣಗಳಿಂದ ತೀರಿಕೊಳ್ಳುವವರ ಚುಕ್ಕೆಗಳು ಅದಕ್ಕಿಂತ ಎಷ್ಟೋ ಹೆಚ್ಚಿದ್ದವು. ಈ ಲೆಕ್ಕದಲ್ಲಿ ಜೀನ್ ಅಂಕ ಸೇರಿಲ್ಲ, ಆದ್ದರಿಂದ ಇಬ್ಬರ ಬದಲು ಒಂದಿಬ್ಬರು ಹೆಚ್ಚೇ ಇರಬಹುದು ಎಂದು ಅವರೇ ಹೇಳಿದರು. ಆ ಎರಡು ಚುಕ್ಕೆಗಳನ್ನು ನಾನು ಬಹಳ ಹೊತ್ತು ನೋಡಿದೆ. ಅವರೂ ಯಾರೋ ಇಬ್ಬರು ಹೆಂಗಸರೇ, ಚಿಕ್ಕ ಸಂಖ್ಯೆ ಎಂದು ತಳ್ಳಿಹಾಕಲು ಮನಸ್ಸು ಬರಲಿಲ್ಲ.

ಆಸ್ಟರ್ ಅಧ್ಯಯನದ ಬಗ್ಗೆ ಕೇಳಿದೆ. ಅವರಿಗೆ ತಿಳಿದಿತ್ತು. ಅದರಲ್ಲಿದ್ದವರು ನಿಮ್ಮಂಥವರೇ ಎಂದರು. ಕೊನೆಗೆ ನಾನೇ ಕೇಳಿದೆ: ಡಾಕ್ಟರೇ, ನಾಲ್ಕು ಸುತ್ತು ಮುಗಿದ ಮೇಲೆ ನನ್ನ ಕೈ ಅಂಗಿಯ ಗುಂಡಿ ಹಾಕುತ್ತದೆಯೇ? ಅವರು ಸುಳ್ಳು ಹೇಳಲಿಲ್ಲ. ನಿಮ್ಮ ನರಗಳ ಸ್ಥಿತಿಯಲ್ಲಿ ಖಾತ್ರಿ ಕೊಡಲಾರೆ, ಹಳೆಯ ಕ್ರಮದ ಕೀಮೋ ಕೊಟ್ಟರೆ ಬೆರಳು ಉಳಿಯಬಹುದು, ಸುಸ್ತು ಮತ್ತು ಸೋಂಕಿನ ಅಪಾಯ ಇದ್ದೇ ಇರುತ್ತದೆ ಎಂದರು.

ಒಂದು ರಾತ್ರಿ ಯೋಚಿಸಿ ಕೀಮೋ ಬೇಡವೆಂದು ನಿರ್ಧರಿಸಿದ್ದೇನೆ. ವಿಕಿರಣ ಚಿಕಿತ್ಸೆ ತೆಗೆದುಕೊಳ್ಳುತ್ತೇನೆ, ಲೆಟ್ರೋಜೋಲ್ ಎಂಬ ಹಾರ್ಮೋನ್ ಮಾತ್ರೆಯನ್ನು ಐದು ವರ್ಷ ಒಂದು ದಿನವೂ ತಪ್ಪಿಸುವುದಿಲ್ಲ. ಹಿರಿಮಗನ ಮಾತಿನಂತೆ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ಕೊಟ್ಟೆ. ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಹಾಳೆಯನ್ನು ಮಾತ್ರ ಮಡಚಿ ಜೇಬಿನಲ್ಲಿಟ್ಟುಕೊಂಡ.

ಮತ್ತೆ ಚಿಗುರು ಅವರೇ, ನಿಮ್ಮ ಜಾಗದಲ್ಲಿ ನಾನಿದ್ದರೆ ನೀವು ಮಾಡಿದ್ದನ್ನೇ ಮಾಡುತ್ತಿದ್ದೆ. ಅದು ನಿಮಗೆ ತಿಳಿದಿರಲಿ.

ಮತ್ತೆ ಚಿಗುರು ಬರೆದದ್ದು:

ತಿಳಿದಿದೆ ಅಕ್ಕ. ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ನಾನೂ ಯೋಚಿಸಿದೆ, ಉತ್ತರ ಸಿಗಲಿಲ್ಲ. ಮುಂದೆ ಮನಸ್ಸು ಬದಲಾದರೆ ಮೂರು ತಿಂಗಳ ಗಡುವು ಇನ್ನೂ ಇದೆ ಎಂಬುದನ್ನು ಮರೆಯಬೇಡಿ.

ವಾರ್ಡ್ ಸಿಸ್ಟರ್ ಬರೆದದ್ದು:

ಅಮ್ಮನವರೇ, ಲೆಟ್ರೋಜೋಲ್ ಶುರು ಮಾಡುವ ಮೊದಲು ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಆ ಮಾತ್ರೆ ಮೂಳೆಯನ್ನು ತೆಳುವಾಗಿಸುತ್ತದೆ. ಮುಟ್ಟು ನಿಂತವರಲ್ಲಿ ಜೋಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಮೂಳೆಯನ್ನು ಉಳಿಸುವುದರ ಜೊತೆಗೆ ಮೂಳೆಗೆ ಕ್ಯಾನ್ಸರ್ ಹರಡುವುದನ್ನೂ ಸ್ವಲ್ಪ ತಗ್ಗಿಸುತ್ತದೆ, ಅದರ ಬಗ್ಗೆ ಕೇಳಿ. ಅದಕ್ಕೂ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ, ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿಬಿಡಿ. ಮೊದಲ ಕೆಲವು ತಿಂಗಳು ಬೆಳಿಗ್ಗೆ ಕೀಲುಗಳು ಹಿಡಿದುಕೊಳ್ಳಬಹುದು. ಎಷ್ಟೋ ಜನ ಅದಕ್ಕೇ ಮಾತ್ರೆ ಬಿಟ್ಟುಬಿಡುತ್ತಾರೆ. ತಾವು ಬಿಡಬೇಡಿ, ವೈದ್ಯರಿಗೆ ಹೇಳಿ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಿ. ಕೀಮೋ ಇಲ್ಲದಿರುವಾಗ ಎಲ್ಲ ಭಾರವೂ ಆ ಒಂದು ಮಾತ್ರೆಯ ಮೇಲಿದೆ.

ಮುಸ್ಸಂಜೆ ಬರೆದದ್ದು:

ಹಾಗೆಯೇ ಮಾಡುತ್ತೇನೆ ಸಿಸ್ಟರ್. ಮಾತ್ರೆಯನ್ನು ಬೆಳಿಗ್ಗೆ ಯಜಮಾನರ ಮಾತ್ರೆಗಳ ಜೊತೆಯಲ್ಲೇ ಇಟ್ಟುಕೊಳ್ಳುತ್ತೇನೆ. ಅವರದನ್ನು ನಾನು ಎಂದೂ ಮರೆತಿಲ್ಲ. ಮೂಳೆ ಪರೀಕ್ಷೆಗೆ ಬರುವ ಮಂಗಳವಾರ ಹೆಸರು ಬರೆಸಿದ್ದೇವೆ, ಅಂದು ಅವರ ಜೊತೆಯಲ್ಲಿ ಕುಳಿತಿರಲು ಮಗ ಬರುತ್ತಾನೆ. ನಿನ್ನೆ ಸಂಜೆ ಅವನಿಗೆ ಗುಂಡಿ ಹಾಕುವುದನ್ನು ಕಲಿಸಿದೆ: ಕೆಳಗಿನಿಂದ ಮೇಲಕ್ಕೆ, ಒಂದೊಂದಕ್ಕೂ ಅವರ ಹೆಸರು ಹಿಡಿದು ಮೆಲ್ಲಗೆ ಮಾತನಾಡಿಸುತ್ತಾ. ನಾಲ್ಕನೆಯ ಗುಂಡಿಯವರೆಗೂ ಅವರು ಕೈ ತಳ್ಳಲಿಲ್ಲ.